ಇವಾನನ ಓಟಕ್ಕೆ ಅಡ್ಡ ನಿಂತವರು

ದುಬೈಯ ರಾಸ್ ಅಲ್ ಖೋರ್‌ನಲ್ಲಿರುವ ಕಾರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನಾನು ಸ್ಟೋರ್‌ಕೀಪರ್. ಇಪ್ಪತ್ತೆರಡು ವರ್ಷವಾಯಿತು. ಡಬ್ಬಿಯ ಮೇಲೆ ಜಪಾನ್ ಎಂದು ಬರೆದಿದ್ದರೆ ನಾನು ಮೊದಲು ನೋಡುವುದು ಆ ಅಕ್ಷರಗಳು ಸರಿಯಾಗಿ ಕೂತಿವೆಯೇ ಎಂದು. ಬ್ರೇಕ್ ಪ್ಯಾಡ್ ಒಮ್ಮೆ ಕೈಯಲ್ಲಿ ಹಿಡಿದರೆ ಸಾಕು, ಅಸಲಿಯೋ ನಕಲಿಯೋ ಹೇಳಬಲ್ಲೆ. ಯಾರಾದರೂ ನಗುತ್ತಾ ಎದುರು ಬಂದರೂ ಏನೋ ಗಂಟು ಹಾಕಲು ಬಂದಿದ್ದಾರೆ ಎಂದೇ ನನಗೆ ಅನ್ನಿಸುವುದು. ನನ್ನ ಹೆಂಡತಿ ಸಿಸಿಲಿಯಾ ಇದನ್ನು ಕಾಯಿಲೆ ಎನ್ನುತ್ತಾಳೆ. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ಎಲ್ಲವೂ ಕಾಯಿಲೆಯೇ.

ಹಾಗಾಗಿ ನನ್ನ ಮಗ ಇವಾನನ ಓಟ ನಿಂತುಹೋದಾಗ ಎಲ್ಲರಿಗಿಂತ ಮೊದಲು ವಾಸನೆ ಹಿಡಿದವನು ನಾನೇ.

ಇವಾನ್ ದುಬೈಯ ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದಾನೆ. ಆಡುವುದು ಅಮೆರಿಕನ್ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಚೆಂಡಿಗೆ ಕಾಲು ತಾಗುವುದು ಅಪರೂಪ. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಗಳ ತುದಿಗೆ ಒಯ್ಯಬೇಕು, ಅದಕ್ಕೆ ದಾರಿ ಎರಡೇ. ಒಂದೋ ಚೆಂಡು ಹಂಚುವ ಹುಡುಗ ಅದನ್ನು ದೂರಕ್ಕೆ ಎಸೆಯಬೇಕು, ಇಲ್ಲವೇ ಪಕ್ಕದಲ್ಲಿ ನಿಂತ ಓಟಗಾರನ ಹೊಟ್ಟೆಗೆ ಒತ್ತಿಕೊಡಬೇಕು. ಅವನು ಅದನ್ನು ಅವುಚಿಕೊಂಡು ನುಗ್ಗಬೇಕು. ನಮ್ಮ ಓಟಗಾರ ಇವಾನ್. ಎಸೆತವೋ ಓಟವೋ ಎನ್ನುವುದನ್ನು ಹುಡುಗರು ಪ್ರತಿ ಸಲ ತಲೆಗೆ ತಲೆ ಸೇರಿಸಿ ಗುಟ್ಟಾಗಿ ತೀರ್ಮಾನಿಸುತ್ತಾರೆ. ಆಟದ ಜೀವವೆಲ್ಲ ಆ ಗುಟ್ಟಿನಲ್ಲೇ ಇದೆ ಎಂದು ನನಗೆ ಮೊದಲ ವರ್ಷವೇ ಅರ್ಥವಾಗಿತ್ತು.

ಇವಾನನಿಗೆ ಆ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದೇ ಓಟದಿಂದ. ತಂಡದಲ್ಲಿ ಜಾಗ ಇರುವ ತನಕ ಸೀಟು. ಜಾಗ ಹೋದರೆ ನಮ್ಮ ಸಂಬಳದಲ್ಲಿ ಇಲ್ಲಿ ಓದಿಸುವುದು ಆಗದ ಮಾತು, ಊರಿಗೆ, ಶಿರ್ವದಲ್ಲಿರುವ ನನ್ನ ಅಣ್ಣನ ಮನೆಗೆ ಅವನನ್ನು ಕಳಿಸಬೇಕು. ದುಬೈಯಲ್ಲೇ ಹುಟ್ಟಿ ಬೆಳೆದವನು ಅವನು, ಶಿರ್ವಕ್ಕೆ ರಜೆಯಲ್ಲಿ ಹೋದರೆ ನಾಲ್ಕನೇ ದಿನಕ್ಕೆ ಟಿಕೆಟ್ ಯಾವಾಗ ಎಂದು ಕೇಳುತ್ತಾನೆ. ಅವನಿಲ್ಲದ ಮನೆಯಲ್ಲಿ ನಾನೂ ಸಿಸಿಲಿಯಾಳೂ ಎದುರುಬದುರು ಕೂತು ಊಟ ಮಾಡುವುದನ್ನು ನೆನೆದರೆ ನನಗೆ ಭಯವಾಗುತ್ತಿತ್ತು.

ಈ ಚಳಿಗಾಲ ಆರು ಪಂದ್ಯ. ಮೊದಲನೆಯದು ಅಬುಧಾಬಿಯ ಕಾಲೇಜಿನ ಮೇಲೆ, ದುಬೈಯಲ್ಲೇ. ಇವಾನನ ಕೈಗೆ ಚೆಂಡು ಬಂದದ್ದೇ ತಡ, ಅಬುಧಾಬಿಯ ದಢೂತಿ ಹುಡುಗರಿಬ್ಬರು ಅವನ ಮೇಲೆ ಬಿದ್ದರು. ಎರಡನೇ ಸಲವೂ ಹಾಗೇ, ಹತ್ತನೇ ಸಲವೂ ಹಾಗೇ. ಚೆಂಡು ಎಸೆಯುವಾಗ ಮಾತ್ರ ಅದೇ ಹುಡುಗರು ದೂರ ಹರಡಿಕೊಂಡು ನಿಂತಿರುತ್ತಿದ್ದರು. ಎರಡನೇ ಪಂದ್ಯದಲ್ಲಿ ಬೇರೆ ಕಾಲೇಜು, ಕಥೆ ಅದೇ. ಎದುರಾಳಿಗಳು ಇವಾನನಿಗೆ ಚೆಂಡು ಸಿಗುವ ಮೊದಲೇ ಒಂದು ಹೆಜ್ಜೆ ಒಳಗೆ ಸರಿಯುವುದನ್ನು ನಾನು ಗ್ಯಾಲರಿಯಲ್ಲಿ ಕೂತು ಕಣ್ಣಾರೆ ನೋಡಿದೆ.

ಮೊದಲು ಬೂಟಿನ ಮೇಲೆ ಗುಮಾನಿ ಬಂತು. ತಳ ತಿರುವಿ ನೋಡಿದೆ, ಅಸಲಿಯೇ. ಆಮೇಲೆ ಮುಂದಿನ ಸಾಲಿನಲ್ಲಿ ನಿಂತು ದಾರಿ ಬಿಡಿಸಿಕೊಡಬೇಕಾದ ಐವರ ಮೇಲೆ. ಆದರೆ ಆ ಪಾಪದ ಹುಡುಗರು ಇವಾನನಷ್ಟೇ ಪೆಟ್ಟು ತಿನ್ನುತ್ತಿದ್ದರು. ಇನ್ನು ಉಳಿದದ್ದು ಒಂದೇ. ಒಳಗಿನ ಗುಟ್ಟನ್ನು ಯಾರೋ ಹೊರಗೆ ದಾಟಿಸುತ್ತಿದ್ದರು.

ಯಾರೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಎರಡನೇ ಪಂದ್ಯದ ಮಾರನೆಯ ದಿನ ಕರಾಮ ಬಡಾವಣೆಯಲ್ಲಿ ತರಕಾರಿ ತಗೊಂಡು ಬರುತ್ತಿದ್ದೆ. ಹೋಟೆಲೊಂದರ ಗಾಜಿನಾಚೆ ನಮ್ಮ ತಂಡದಲ್ಲಿ ಚೆಂಡು ಹಂಚುವ ಆದರ್ಶ ಕೂತಿದ್ದ. ಎದುರಿಗೆ ಅಬುಧಾಬಿ ತಂಡದ ಕ್ಯಾಪ್ಟನ್. ಇಬ್ಬರ ನಡುವೆ ಮಸಾಲೆ ದೋಸೆ. ಕ್ಯಾಪ್ಟನ್ ಚಟ್ನಿ ಬಟ್ಟಲನ್ನು ಒಂದು ಕಡೆ, ಉಪ್ಪಿನ ಡಬ್ಬಿಯನ್ನು ಇನ್ನೊಂದು ಕಡೆ ಸರಿಸಿ ಏನನ್ನೋ ತೋರಿಸುತ್ತಿದ್ದ. ಆದರ್ಶ ತಲೆ ಆಡಿಸುತ್ತಿದ್ದ. ನನ್ನ ಮೈ ಉರಿದುಹೋಯಿತು.

ಆದರ್ಶ ನನಗೆ ಹೊರಗಿನವನಲ್ಲ. ಅವನ ಅಪ್ಪ ಶಾಮಸುಂದರ ಮೈಸೂರಿನವರು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸ. ಹುಡುಗರಿಬ್ಬರೂ ಒಂದೇ ಸ್ಕೂಲಿನಲ್ಲಿ ಕಲಿತವರು. ದೂರದ ಪಂದ್ಯಗಳಿಗೆ ನಾವು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಶಾಮಸುಂದರರ ತಾಯಿ ಸುಶೀಲಮ್ಮ ಊರಿನಿಂದ ಬಂದಾಗಲೆಲ್ಲ ನಮಗೆ ಚಕ್ಕುಲಿ ಕಳಿಸುತ್ತಿದ್ದರು. ಆ ಚಕ್ಕುಲಿಯನ್ನು ಏಕೆ ಕಳಿಸುತ್ತಿರಬಹುದು ಎಂದು ಈಗ ಹೊಸದಾಗಿ ಯೋಚಿಸಿದೆ.

ಮೂರನೇ ಪಂದ್ಯಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಆದರ್ಶ ಟವೆಲ್ಲಿಗೆ ಕೈ ಒರೆಸಿದರೆ ಬರೆದುಕೊಂಡೆ, ಹಿಮ್ಮಡಿ ಎತ್ತಿದರೆ ಬರೆದುಕೊಂಡೆ. ಆ ದಿನ ಇವಾನ್ ಎರಡು ಸಲ ಚೆನ್ನಾಗಿ ಓಡಿದ, ಒಮ್ಮೆ ಹದಿನೆಂಟು ಗಜ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪಕ್ಕದಲ್ಲಿದ್ದ ಶಾಮಸುಂದರ ನನ್ನ ಬೆನ್ನು ತಟ್ಟಿದರು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಪೂರ್ತಿ ಕದ್ದರೆ ಸಿಕ್ಕಿಬೀಳುತ್ತೇನೆ ಎಂದು ಹುಡುಗ ಎರಡನ್ನು ಬಿಟ್ಟುಕೊಟ್ಟಿದ್ದಾನೆ ಎಂದುಕೊಂಡೆ.

ಆ ಸಂಜೆ ಮನೆಯಲ್ಲಿ ಇವಾನನಿಗೂ ಬೈಗುಳ ಬಿತ್ತು. ಅದಕ್ಕೆ ಕಾರಣ ಬೇರೆ. ಹೋದ ವರ್ಷ ಮೊಣಕಾಲಿಗೆ ಪೆಟ್ಟಾಗಿ ಅವನು ಮೂರು ತಿಂಗಳು ಮಲಗಿದ್ದ. ಎದ್ದ ಮೇಲೆ ಊದ್ ಮೇಥಾದ ಚರ್ಚಿಗೆ ಕರೆದುಕೊಂಡು ಹೋಗಿ, ಶಿಲುಬೆಯ ಗುರುತು ಹಾಕದೆ ಚೆಂಡು ಹಿಡಿಯುವುದಿಲ್ಲ ಎಂದು ಅವನಿಂದ ಮಾತು ತಗೊಂಡಿದ್ದೆ. ಹೆಲ್ಮೆಟ್ ಇರುವುದರಿಂದ ಹಣೆ ಮುಟ್ಟಲು ಆಗುವುದಿಲ್ಲ, ಹೆಬ್ಬೆರಳಿನಿಂದ ಎದೆಯ ಮೇಲೆ ಸಣ್ಣದೊಂದು ಶಿಲುಬೆ ಎಳೆಯುತ್ತಿದ್ದ.

"ಇವತ್ತು ಎರಡು ಸಲ ಹಾಕ್ಲಿಲ್ಲ ನೀನು. ನಾನು ನೋಡಿದ್ದೇನೆ" ಎಂದೆ. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಡ್ಯಾಡಿ, ಆ ಎರಡರಲ್ಲೇ ನಾನು ಓಡಿದ್ದು."

"ಓಡಿದ್ದು ಯಾರ ದಯೆಯಿಂದ? ಮೊಣಕಾಲು ಪುನಃ ಹೋದ್ರೆ ಎಂತ ಮಾಡ್ತಿ?"

ಇವಾನ್ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡ. ಆಮೇಲೆ "ಓಕೆ" ಎಂದು ಕೋಣೆಗೆ ಹೋದ. ದೇವರ ವಿಷಯದಲ್ಲಾದರೂ ಮಗ ನನ್ನ ಮಾತು ಕೇಳುತ್ತಾನಲ್ಲ ಎಂದು ನನಗೆ ಸಮಾಧಾನವಾಯಿತು.

ನಾಲ್ಕನೇ ಪಂದ್ಯದಲ್ಲಿ ಓಟ ಮತ್ತೆ ನಿಂತಿತು. ಹದಿನಾರು ಸಲ ಚೆಂಡು ಕೈಗೆ ಬಂದು ಒಟ್ಟು ಒಂಬತ್ತು ಗಜ. ಪಂದ್ಯ ಮುಗಿದ ಮೇಲೆ ಕೋಚ್ ಇವಾನನನ್ನು ಪಕ್ಕಕ್ಕೆ ಕರೆದು, ಇನ್ನು ಎರಡು ಪಂದ್ಯ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಮುಂದಿನ ವರ್ಷಕ್ಕೆ ಬೇರೆ ಓಟಗಾರನನ್ನು ಹುಡುಕುತ್ತೇನೆ ಎಂದರು. ಕೋಚ್ ಅಮೆರಿಕದವರು, ಒಂದು ಮಾತನ್ನು ಎರಡು ಸಲ ಹೇಳುವವರಲ್ಲ. ಬರುವಾಗ ಕಾರಿನಲ್ಲಿ ಇವಾನನ ಬೆರಳು ಸೀಟ್ ಬೆಲ್ಟನ್ನು ಮಡಚುತ್ತಾ ಬಿಡಿಸುತ್ತಾ ಇತ್ತು.

ಮರುದಿನವೇ ನಾನು ಕೋಚ್ ಹತ್ತಿರ ಹೋದೆ. ಹೋಟೆಲು, ಕ್ಯಾಪ್ಟನ್, ಚಟ್ನಿ ಬಟ್ಟಲು ಎಲ್ಲ ಹೇಳಿದೆ. ನಾನು ಬರೆದುಕೊಂಡ ಚೀಟಿಗಳನ್ನೂ ಮೇಜಿನ ಮೇಲೆ ಹರಡಿದೆ. ನನ್ನ ಹೆಸರು ಹೊರಗೆ ಬರಬಾರದು ಎಂದೂ ಹೇಳಿದೆ. ಕೋಚ್ ಆದರ್ಶನನ್ನು ಕರೆಸಿ, ಎದುರಾಳಿ ಕ್ಯಾಪ್ಟನ್ನನ್ನು ಭೇಟಿಯಾದದ್ದು ನಿಜವೇ ಎಂದು ಕೇಳಿದರಂತೆ. ನಿಜ ಎಂದನಂತೆ. ಏನು ಮಾತಾಡಿದೆ ಎಂದರೆ ಬಾಯಿ ಬಿಡಲಿಲ್ಲವಂತೆ. ಅವನನ್ನು ತಂಡದಿಂದ ಹೊರಗೆ ಕೂರಿಸಿದರು.

ಐದನೇ ಪಂದ್ಯದಲ್ಲಿ ಚೆಂಡು ಹಂಚಿದ್ದು ಫ್ಲಾಯ್ಡ್ ಎಂಬ ಹುಡುಗ. ಇವಾನ್ ಆ ದಿನವೂ ನಾಲ್ಕು ಹೆಜ್ಜೆ ಮುಂದೆ ಹೋಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಮ್ಮ ಲೆಕ್ಕ ಎಲ್ಲೋ ತಪ್ಪಿದೆ ಎಂದುಕೊಳ್ಳುತ್ತಿದ್ದರು. ನಾನು ಮಾತ್ರ, ಆದರ್ಶ ಇಡೀ ವರ್ಷದ ಗುಟ್ಟನ್ನು ಮೊದಲೇ ಮಾರಿಬಿಟ್ಟಿದ್ದಾನೆ ಎಂದುಕೊಂಡೆ.

ಎರಡು ದಿನ ಕಳೆದು ಶಾಮಸುಂದರ ಫೋನ್ ಮಾಡಿ ಮನೆಗೆ ಬರಲು ಹೇಳಿದರು. ವಿಷಯ ಗೊತ್ತಾಗಿದೆ ಎಂದುಕೊಂಡೇ ಹೋದೆ. ಕರಾಮದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಎರಡು ಬೀದಿ ಆಚೆ ನಿಲ್ಲಿಸಿ ನಡೆದೆ.

ಸುಶೀಲಮ್ಮ ಕಾಫಿ ತಂದುಕೊಟ್ಟರು. ಶಾಮಸುಂದರ ಒಂದು ವಾರದಲ್ಲಿ ಇಳಿದುಹೋಗಿದ್ದರು.

"ಫಿಡೆಲಿಸ್ ಅವರೇ, ನಮ್ಮ ಹುಡುಗನ ಮೇಲೆ ಯಾರೋ ಚಾಡಿ ಹೇಳಿದಾರೆ ಕಣ್ರೀ. ಅವನು ಬಾಯೇ ಬಿಡ್ತಿಲ್ಲ. ಸರಿಯಾಗಿ ಊಟ ಮಾಡಿ ನಾಲ್ಕು ದಿನ ಆಯ್ತು."

"ಹೌದಾ" ಎಂದೆ.

"ನಿಮ್ಮ ಕಣ್ಣು ಚುರುಕು. ಎಲ್ಲಾ ಮ್ಯಾಚಿಗೂ ಬರ್ತೀರಿ. ಯಾರಿರಬಹುದು ಅಂತ ನೀವೇ ಸ್ವಲ್ಪ ಪತ್ತೆ ಮಾಡಿ."

ಸುಶೀಲಮ್ಮ ಬಾಗಿಲಲ್ಲೇ ನಿಂತಿದ್ದರು. "ಯಾರದೋ ಕಣ್ಣು ಬಿದ್ದಿದೆಯಪ್ಪ. ನೀವಾದ್ರೂ ನಮ್ಮವರ ಹಾಗೆ ಇದ್ದೀರ" ಎಂದರು. ನಾನು ಕಾಫಿ ಗುಟುಕರಿಸಿದೆ. ಅರ್ಧಕ್ಕೇ ಲೋಟ ಕೆಳಗಿಟ್ಟೆ. ಇವರು ಎಲ್ಲ ಗೊತ್ತಿದ್ದೇ ನನ್ನನ್ನು ಕೂರಿಸಿ ಆಟ ಆಡಿಸುತ್ತಿದ್ದಾರೋ ಎಂದು ಮುಖ ಮುಖ ನೋಡಿದೆ. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ, ಬರೀ ಸಂಕಟ.

ಹೊರಟಾಗ ಆದರ್ಶ ಕೋಣೆಯಿಂದ ಬಂದು ಕಾರಿನ ತನಕ ಬರುತ್ತೇನೆ ಎಂದ. ಬೀದಿಗೆ ಬಂದ ಮೇಲೆ ಹೇಳಿದ.

"ಅಂಕಲ್, ಕಂಪ್ಲೇಂಟ್ ಕೊಟ್ಟಿದ್ದು ನೀವು ಅಂತ ನಂಗೊತ್ತು. ಹೋಟೆಲ್ ಹೊರಗೆ ತರಕಾರಿ ಚೀಲ ಹಿಡ್ಕೊಂಡು ನಿಂತಿದ್ರಲ್ಲ, ನಾನು ನೋಡಿದ್ದೆ. ಅಪ್ಪಂಗೆ ಹೇಳಿಲ್ಲ."

ನಾನು ಜೇಬಿನಲ್ಲಿ ಕಾರಿನ ಕೀ ತಡಕಾಡಿದೆ. ಅವನೇ ಮುಂದುವರಿಸಿದ.

"ಆ ಕ್ಯಾಪ್ಟನ್ ನನ್ನ ಹಳೇ ಫ್ರೆಂಡ್. ನಮ್ಮ ರನ್ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳೋಕೇ ನಾನು ಹೋಗಿದ್ದು. ಅವನು ನಗ್ತಾ ಹೇಳ್ಬಿಟ್ಟ. ನಿಮ್ಮ ಇವಾನ್ ಬಾಲ್ ಬರೋ ಮುಂಚೆ ಎದೆ ಮೇಲೆ ಕ್ರಾಸ್ ಹಾಕ್ತಾನೆ, ಬಾಲ್ ಬರದೆ ಇದ್ರೆ ಹಾಕಲ್ಲ, ಅಷ್ಟೇ ಅಂತ. ವಿಡಿಯೋ ನೋಡಿ ಎಲ್ಲಾ ಟೀಮಿಗೂ ಗೊತ್ತಾಗಿದೆ. ನಮ್ಮ ಕ್ಯಾಮೆರಾ ನಮ್ಮ ಹಿಂದೆ ಇರುತ್ತೆ, ನಮಗೆ ಬರೀ ಬೆನ್ನು ಕಾಣುತ್ತೆ. ಅದಕ್ಕೆ ಕೋಚ್‌ಗೆ ಗೊತ್ತಾಗ್ಲಿಲ್ಲ."

ನಾನು ನಿಂತುಬಿಟ್ಟೆ. ಗ್ಯಾಲರಿಯಲ್ಲಿ, ಹುಡುಗರು ಪಕ್ಕದಿಂದ ಕಾಣುವ ಕಡೆ ಸೀಟು ಹಿಡಿದು ಕೂರುವ ನನಗೆ ಆ ಹೆಬ್ಬೆರಳು ಪ್ರತಿ ಸಲ ಕಾಣುತ್ತಿತ್ತು. ನಮ್ಮ ಕಡೆಯಿಂದ ಅದನ್ನು ಗಮನಿಸುತ್ತಿದ್ದವನು ನಾನೊಬ್ಬನೇ. ನೋಡಿ ಖುಷಿಪಡುತ್ತಿದ್ದೆ.

"ಇವಾನನಿಗೆ ಹೇಳ್ಲಿಲ್ವಾ?"

"ಅವತ್ತೇ ಹೇಳ್ದೆ. ಥರ್ಡ್ ಮ್ಯಾಚಲ್ಲಿ ಎರಡು ಸಲ ಹಾಕದೆ ನೋಡಿದ, ಓಡಿದ. ಆಮೇಲೆ ಮನೇಲಿ ನೀವು ಬೈದ್ರಂತೆ. ನಮ್ಮಪ್ಪ ಗ್ಯಾಲರಿಯಿಂದ ನನ್ನ ಕೈಯನ್ನೇ ನೋಡ್ತಿರ್ತಾರೆ, ನಂಗೆ ಆಗಲ್ಲ ಅಂದ ಇವಾನ್. ಕೋಚ್‌ಗೆ ಹೇಳ್ಬೇಡ ಅಂತ ಪ್ರಾಮಿಸ್ ತಗೊಂಡ. ಹೇಳಿದ್ರೆ ಕೋಚ್ ಹಾಕ್ಬೇಡ ಅಂತಾರೆ, ನೀವು ಹಾಕು ಅಂತೀರ. ಅವನು ಯಾರ ಮಾತು ಕೇಳ್ಬೇಕು ಅಂಕಲ್?"

ಹತ್ತೊಂಬತ್ತು ವರ್ಷದ ಹುಡುಗ ಸಿಟ್ಟಿಲ್ಲದೆ, ನಿಜವಾಗಿಯೂ ಉತ್ತರ ಬೇಕು ಎನ್ನುವ ಹಾಗೆ ಕೇಳಿದ. ಕಾರಿನ ಹತ್ತಿರ ಹೋಗದೆ ಅವನ ಜೊತೆಗೇ ಹಿಂದೆ ತಿರುಗಿ ಮೇಲೆ ಹೋದೆ. ಶಾಮಸುಂದರರ ಎದುರು ನಿಂತು, ಚಾಡಿ ಹೇಳಿದವನು ನಾನೇ ಎಂದೆ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದರು ಶಾಮಸುಂದರ. ಅಷ್ಟೇ. ಸುಶೀಲಮ್ಮ ನಾನು ಅರ್ಧ ಬಿಟ್ಟಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಕೋಚ್ ಎದುರು ಮತ್ತೆ ಕೂತು ಶಿಲುಬೆಯ ವಿಷಯ ಎಲ್ಲ ಹೇಳಿದೆ. ನನ್ನ ಚೀಟಿಗಳನ್ನು ಅವರ ಮೇಜಿನಿಂದಲೇ ತೆಗೆದು ಹರಿದು ಹಾಕಿದೆ. ಅವರು ಆದರ್ಶನನ್ನು ತಂಡಕ್ಕೆ ವಾಪಸ್ ಕರೆದರು. ಇವಾನನ ಬಗ್ಗೆ ಮಾತ್ರ, ಕಾರಣ ಗೊತ್ತಾಯಿತು, ಸಂತೋಷ, ಆದರೂ ಶನಿವಾರ ಓಡಿದರಷ್ಟೇ ಜಾಗ ಎಂದರು. ಕಡೆಯ ಪಂದ್ಯ ಅಬುಧಾಬಿಯಲ್ಲಿ, ಆ ಕ್ಯಾಪ್ಟನ್ನನ ತಂಡದ ಮೇಲೇ.

ಆ ಸಂಜೆ ಊಟದ ಮೇಜಿನಲ್ಲಿ ಇವಾನನಿಗೆ ಹೇಳಿದೆ. "ಇನ್ನು ಮೈದಾನದಲ್ಲಿ ಶಿಲುಬೆ ಹಾಕುವುದು ಬೇಡ. ಆ ಮಾತಿನಿಂದ ನಿನ್ನನ್ನು ಬಿಟ್ಟಿದ್ದೇನೆ."

ಅವನು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ. "ಈಸ್ ದಿಸ್ ಎ ಟೆಸ್ಟ್, ಡ್ಯಾಡಿ?"

"ಎಂತ ಟೆಸ್ಟ್?"

"ನಾನು ಹಾಕ್ತೇನೋ ಇಲ್ವೋ ಅಂತ ನೋಡ್ಲಿಕ್ಕೆ. ಮೊದ್ಲು ಹಾಗೆ ಮಾಡಿದ್ದೀರಿ ನೀವು. ಪರ್ಸ್ ಟೇಬಲ್ ಮೇಲೆ ಬಿಟ್ಟು ಬಾಗಿಲ ಹಿಂದೆ ನಿಂತಿದ್ರಿ, ನಾನು ಸೆವೆಂತ್‌ನಲ್ಲಿ ಇರುವಾಗ."

ಅದು ನಿಜ. ನನಗೆ ಮರೆತೇ ಹೋಗಿತ್ತು. ಅವನಿಗೆ ಮರೆತಿರಲಿಲ್ಲ. ನನ್ನ ಊಟ ಅಲ್ಲಿಗೇ ಮುಗಿಯಿತು.

ಸಿಸಿಲಿಯಾ ಮೀನಿನ ಸಾರು ಬಡಿಸುತ್ತಾ ಹೇಳಿದಳು. "ಮನೆಯಿಂದ ಹೊರಡುವಾಗ ಒಂದು ಸಲ ಹಾಕಿ ಹೋಗು ಮಗಾ, ಸಾಕು. ದೇವರಿಗೆ ಇವರ ಹಾಗೆ ಹತ್ತು ಸಲ ಚೆಕ್ ಮಾಡುವ ಅಭ್ಯಾಸ ಇಲ್ಲ."

ಇವಾನ್ ನಗಲಿಲ್ಲ. "ನೀವು ಅಲ್ಲಿ ಕೂತಿದ್ರೆ ನನ್ನ ಕೈ ತಾನಾಗಿಯೇ ಹೋಗ್ತದೆ ಡ್ಯಾಡಿ. ನೀವು ಮ್ಯಾಚಿಗೆ ಬರಬೇಡಿ. ಪ್ಲೀಸ್."

ಎರಡು ವರ್ಷದಲ್ಲಿ ಒಂದು ಪಂದ್ಯವನ್ನೂ ನಾನು ತಪ್ಪಿಸಿದವನಲ್ಲ. ತುಂಬಾ ನೋವಾಯಿತು. ಕಾರು ಓಡಿಸಿಕೊಂಡು ಬರುತ್ತೇನೆ, ಒಳಗೆ ಕಾಲಿಡುವುದಿಲ್ಲ ಎಂದೆ. ಅವನು ಸರಿ ಎಂದ, ಆದರೆ ನಂಬಿದ ಹಾಗೆ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಅಬುಧಾಬಿಗೆ ಹೋದೆವು. ಸಿಸಿಲಿಯಾಳಿಗೆ ಡ್ಯೂಟಿ ಇತ್ತು. ಆದರ್ಶ ಈ ಸಲ ಅವನ ಅಪ್ಪನ ಕಾರಿನಲ್ಲಿ ಬಂದ. ಶಾಮಸುಂದರ ನನ್ನ ಮುಂದೆಯೇ ಹಾದುಹೋದರು, ತಲೆ ಅಲ್ಲಾಡಿಸಿದರು, ನಿಲ್ಲಲಿಲ್ಲ. ನಾನು ಗೇಟಿನ ಹೊರಗೆ, ವಾಚ್‌ಮನ್ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತೆ. ವಾಚ್‌ಮನ್ ಶ್ರೀಲಂಕಾದವನು, ಎದೆಯ ಪಟ್ಟಿಯಲ್ಲಿ ಗುಣಪಾಲ ಎಂದಿತ್ತು.

"ಅಂದರ್ ಜಾವೋ ಸಾರ್, ಫ್ರೀ ಹೈ" ಎಂದು ಒಳಗೆ ಕೈ ತೋರಿಸಿದ.

ಬೇಡ ಎಂದೆ. ಮಗ ಆಡುತ್ತಿದ್ದಾನೆ ಎಂದೂ ಹೇಳಿದೆ. ಮಗ ಆಡುತ್ತಿದ್ದರೂ ಒಳಗೆ ಹೋಗದ ಮನುಷ್ಯನನ್ನು ಅವನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಸ್ವಲ್ಪ ದೂರ ಸರಿದು ವಾಕಿಟಾಕಿಯಲ್ಲಿ ಯಾರಿಗೋ ನನ್ನ ಬಗ್ಗೆ ವರದಿ ಕೊಟ್ಟ. ಅಲ್ಲಿಂದ ಮುಂದೆ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಒಳಗೆ ಸೀಟಿ ಊದಿದರು. ಹುಡುಗರ ಕೂಗು, ಪ್ಯಾಡಿಗೆ ಪ್ಯಾಡು ಬಡಿಯುವ ಸದ್ದು. ಒಮ್ಮೆ ಜನ ಹೋ ಎಂದರು. ಯಾರ ಕಡೆಯ ಜನ ಎಂದು ತಿಳಿಯಲಿಲ್ಲ. ಇವಾನ್ ಓಡಿದನೋ, ಕೆಳಗೆ ಬಿದ್ದು ಮೊಣಕಾಲು ಹಿಡಿದುಕೊಂಡನೋ. ಗೇಟಿನ ಸಂದಿ ನನ್ನ ಹೆಗಲಿನಿಂದ ಒಂದು ಮಾರು ದೂರದಲ್ಲಿತ್ತು. ಕತ್ತು ತಿರುಗಿಸಿದರೆ ಸಾಕಿತ್ತು. ನಾನು ಕಾರು ನಿಲ್ಲಿಸಿದ ಕಡೆ ನೋಡುತ್ತಾ, ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡು ಕೂತೆ. ಎರಡೂವರೆ ಗಂಟೆ ಹೊತ್ತು ಹಾಗೇ ಕಳೆಯಿತು, ಅಷ್ಟು ಕಷ್ಟದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ.

ಕಡೆಗೆ ಇವಾನ್ ಬಂದ. ಬೆವರಿನಲ್ಲಿ ತೊಯ್ದುಹೋಗಿದ್ದ, ಕುಂಟುತ್ತಿರಲಿಲ್ಲ.

"ಸೋತೆವು ಡ್ಯಾಡಿ, ಮೂರು ಪಾಯಿಂಟ್" ಎಂದ. ಆಮೇಲೆ ಮೆಲ್ಲಗೆ, "ಬಟ್ ಐ ರ‍್ಯಾನ್. ನೂರಾ ಹನ್ನೆರಡು ಗಜ. ಸೆಪ್ಟೆಂಬರಿಗೆ ಪ್ರಾಕ್ಟೀಸಿಗೆ ಬಾ ಅಂದ್ರು ಕೋಚ್."

ನನ್ನ ಕಣ್ಣು ತುಂಬಿತು. ಏಳಲು ನೋಡಿದೆ, ಕಾಲು ಜೋಮು ಹಿಡಿದಿತ್ತು.

"ನೀವು ನೋಡಿದ್ರಾ?"

"ಇಲ್ಲ."

"ಒಂದ್ಸಲ ಕೂಡ?"

"ಇಲ್ಲ ಮಗಾ."

ಅವನು ನನ್ನ ಮುಖವನ್ನು ಪರೀಕ್ಷೆ ಮಾಡುವಂತೆ ನೋಡಿದ. ಆಮೇಲೆ ನನ್ನನ್ನು ದಾಟಿಕೊಂಡು ಗುಣಪಾಲನ ಹತ್ತಿರ ಹೋಗಿ, ಇವರು ಪೂರ್ತಿ ಹೊತ್ತು ಇಲ್ಲೇ ಇದ್ದರೇ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲೇ ಇದ್ದರು, ನಾನು ಕಣ್ಣಿಟ್ಟಿದ್ದೆ ಎಂದ ಗುಣಪಾಲ. ಗೇಟಿನ ಸಂದಿಯಿಂದಲೂ ನೋಡಲಿಲ್ಲವೇ ಎಂದು ಇವಾನ್ ಮತ್ತೆ ಕೇಳಿದ. ಇಲ್ಲ, ತಿರುಗಲೇ ಇಲ್ಲ ಎಂದು ಅವನು ಕೈ ಆಡಿಸಿ ಹೇಳಿದ. ಹೀಗೆ ಎರಡು ಸಲ ಖಾತ್ರಿ ಮಾಡಿಕೊಂಡ ಮೇಲೆಯೇ ನನ್ನ ಮಗ ವಾಪಸ್ ಬಂದು ನನ್ನನ್ನು ಅಪ್ಪಿಕೊಂಡ.